ಅಶುಭ ಕಾಗದದ ಪೆಟ್ಟಿಗೆ

ನನಗೆ ಹಳೆಯ ಅಂಚೆ ಸಾಮಾನುಗಳ ಹುಚ್ಚು. ಕಾಗದ ತೂಗುವ ಹಿತ್ತಾಳೆ ತಕ್ಕಡಿ, ಅರಗಿನ ಮುದ್ರೆ, ಮಸಿ ಕುಡಿಕೆ ಕೂರಿಸುವ ಮರದ ಸ್ಟ್ಯಾಂಡು, ಠಸ್ಸೆ ಒತ್ತಿ ಒತ್ತಿ ಗುಳಿಬಿದ್ದ ಮೇಜು, ಎಲ್ಲ ಶಿಕಾರಿಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿವೆ. ಕೂರಲು ಕುರ್ಚಿ ಹಾಕುವಷ್ಟು ಜಾಗ ಮಾತ್ರ ಇಲ್ಲ. ನೆಂಟರು ಬಂದರೆ ನಿಂತೇ ಮಾತಾಡಿ ಹೋಗುತ್ತಾರೆ. "ಸ್ಟಾಂಪು ಕೊಡ್ರಿ ಅಂತ ಯಾರಾದ್ರೂ ಬಂದ್ರೆ ನನ್ನ ಕರೀಬ್ಯಾಡ್ರಿ" ಎನ್ನುತ್ತಾಳೆ ನನ್ನ ಹೆಂಡತಿ.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಸಾಮಾನು ಸಿಕ್ಕರಷ್ಟೇ ಸಾಲದು, ಅದು ನಿಜವಾಗಿ ಏನು ಎಂದು ಗೊತ್ತಾಗುವವರೆಗೆ ಊಟ ರುಚಿಸುವುದಿಲ್ಲ. ಅಂಚೆ ಇಲಾಖೆ ಕೊಟ್ಟ ಮೇಜಾದರೆ ಎಲ್ಲೋ ಒಂದು ಕಡೆ ನಂಬರು ಇದ್ದೀತು, ಬಹಳ ಸಲ ಡ್ರಾಯರಿನ ತಳದಲ್ಲಿ. ಅದನ್ನು ನೋಡಲು ನೆಲದ ಮೇಲೆ ಅಂಗಾತ ಮಲಗಬೇಕು. ಮರ ಯಾವುದು, ಹಲಗೆ ಹೇಗೆ ಕೂಡಿಸಿದ್ದಾರೆ, ಮೊಳೆ ಎಂಥದ್ದು, ಒಂದೊಂದನ್ನೂ ನೋಡಬೇಕು. ಸೊರಬದಲ್ಲಿ ಒಬ್ಬ ಯಜಮಾನರು ಬ್ರಿಟಿಷರ ಕಾಲದ ಪೋಸ್ಟ್ ಮಾಸ್ಟರ್ ಮೇಜು ಎಂದು ತೋರಿಸಿದಾಗ ನಾನು ಅದರಡಿಗೆ ತೂರಿ, ಇದು ಮೊನ್ನೆ ಮೊನ್ನೆಯ ಪ್ಲೈವುಡ್ಡು ಎಂದು ಅಲ್ಲಿಂದಲೇ ಕೂಗಿ ಹೇಳಿದ್ದೆ. ಒಳಗೆ ಕಾಯುತ್ತಿದ್ದ ಕಾಫಿ ನನ್ನ ತನಕ ಬರಲೇ ಇಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಮುಖ ನೋಡಿ ಮಣೆ ಹಾಕುವವನಲ್ಲ ನಾನು ಎಂಬ ಗತ್ತು.

ಹೋದ ವರ್ಷ ಕುಪ್ಪಗಡ್ಡೆ ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು. ಮಾತಾಡಿದ ಹೆಣ್ಣುಮಗಳ ಮಾವ ಊರಿನ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದವರು, ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಕಾಗದ ವಿಂಗಡಿಸುತ್ತಿದ್ದ ಗೂಡುಗೂಡಿನ ಕಪಾಟು ಇದೆ, ಬೇಕಾದರೆ ತೆಗೆದುಕೊಂಡು ಹೋಗಿ, ಆದರೆ ನಮ್ಮತ್ತೆಗೆ ನಿಮ್ಮನ್ನು ಏನೋ ಕೇಳುವುದಿದೆಯಂತೆ ಎಂದಳು. ಕಪಾಟು ಎಂಬ ಮಾತಷ್ಟೇ ನನ್ನ ಕಿವಿಗೆ ಬಿತ್ತು. ಮರುದಿನವೇ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇನ್ನೊಂದು ಬಸ್ಸು ಹಿಡಿದು ಹೋದೆ.

ಅತ್ತೆ ಎಪ್ಪತ್ತು ದಾಟಿದವರು. ನನ್ನ ಕಣ್ಣು ಕಪಾಟಿನ ಮೇಲೇ ಇದ್ದದ್ದನ್ನು ನೋಡಿ, "ಅದನ್ನ ತಗಂಡು ಹೋಗಿ ಮಾರಾಯ್ರೆ, ಯಾರೂ ಬ್ಯಾಡ ಅನ್ನಲ್ಲ. ಮೊದ್ಲು ಈ ಕಡೆ ಬನ್ನಿ" ಎಂದು ಜಗುಲಿಯ ಹೊರಗೋಡೆಯ ಹತ್ತಿರ ಕರೆದರು. ಅಲ್ಲಿ ಮೊಳೆಗೆ ತೂಗಿದ ಒಂದು ಪುಟ್ಟ ಪೆಟ್ಟಿಗೆ. ಗೇಣು ಅಗಲ, ಮುಚ್ಚಳಕ್ಕೊಂದು ಚಿಲಕ, ಮೈಗೆಲ್ಲ ಕಪ್ಪು ಬಣ್ಣ.

ನಮ್ಮ ಕಡೆ ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ಒಯ್ಯುತ್ತಿರಲಿಲ್ಲ. ಬರೆದವರು ಕಾರ್ಡಿನ ಮೂಲೆ ಹರಿದು ಕಳಿಸುತ್ತಿದ್ದರು. ಕಾಗದ ಬಂದ ಮನೆಯವರು ಹೊರಗೆ ನಿಂತು ಓದಿ, ಹರಿದು ಎಸೆದು, ಸ್ನಾನ ಮಾಡಿಯೇ ಒಳಗೆ ಬರಬೇಕು. ಆದರೆ ಹಳ್ಳಿಯ ಅಂಚೆ ಕಚೇರಿ ಇದ್ದದ್ದೇ ಪೋಸ್ಟ್ ಮಾಸ್ಟರ ಮನೆಯಲ್ಲಿ. ಊರವರಿಗೆ ಬರುವ ಸಾವಿನ ಕಾಗದವೆಲ್ಲ ಮೊದಲು ಅವರ ಹೊಸ್ತಿಲು ದಾಟಬೇಕಲ್ಲ, ಅದಕ್ಕೇ ಈ ಪೆಟ್ಟಿಗೆ. ಜಗುಲಿಯಲ್ಲಿ ಚೀಲ ಬಿಚ್ಚಿ, ಮೂಲೆ ಹರಿದ ಕಾರ್ಡು ಕಂಡರೆ ಇದರೊಳಗೆ ಹಾಕಿ, ಸಂಬಂಧಪಟ್ಟವರನ್ನು ಕರೆಸಿ ಅಂಗಳದಲ್ಲೇ ಕೊಡುತ್ತಿದ್ದರಂತೆ.

ಇಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಸಂಭ್ರಮದಲ್ಲಿ ಚೀಲದಿಂದ ಭೂತಗನ್ನಡಿ ತೆಗೆದೆ.

"ಇದು ಸರ್ಕಾರದೋರು ಕೊಟ್ಟಿದ್ದಾ, ನಮ್ಮನೆಯೋರು ಮಾಡ್ಸಿದ್ದಾ? ಅದೊಂದು ನೋಡಿ ಹೇಳಿ ಮೇಷ್ಟ್ರೇ" ಎಂದರು.

ಅದನ್ನು ತಿಳಿದು ಏನು ಮಾಡುತ್ತೀರಿ ಎಂದು ಕೇಳಿದೆ. ಸೊಸೆ ಒಳಗೆ ಹೋದ ಮೇಲೆ ಹೇಳಿದರು.

ಅವರು ಮದುವೆಯಾಗಿ ಬಂದ ನಾಲ್ಕನೇ ವರ್ಷ ನಾದಿನಿಯ ಮದುವೆ. ಈ ಅಮ್ಮನ ತಾಯಿ ಆಗ ದೂರದಲ್ಲಿ ನೌಕರಿಯಲ್ಲಿದ್ದ ಅಣ್ಣನ ಮನೆಯಲ್ಲಿದ್ದರು. ಚಪ್ಪರ ಹಾಕುವ ದಿನ ತಾಯಿ ಹೋದ ಸುದ್ದಿಯ ಕಾರ್ಡು ಬಂತು. ಗಂಡ ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಚಿಲಕ ಜಡಿದರು, ತುಟಿ ಬಿಚ್ಚಲಿಲ್ಲ. ಮದುವೆ ಮುಗಿದು, ಹೆಣ್ಣನ್ನು ಕಳಿಸಿ, ನೆಂಟರೆಲ್ಲ ಹೋದ ಮೇಲೆ ಹೆಂಡತಿಯನ್ನು ಅಂಗಳಕ್ಕೆ ಕರೆದು ಕೊಟ್ಟರು. ಇವರು ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು.

"ನಮ್ಮವ್ವ ಹೋಗಿದಾಳೆ ಅಂತ ಗೊತ್ತಿಲ್ದೆ ನಾನು ಹೊಸ ಸೀರೆ ಉಟ್ಕಂಡು ಆರತಿ ಹಾಡು ಹೇಳ್ತಿದ್ದೆ ಮೇಷ್ಟ್ರೇ. ಯಾಕೆ ಹಿಂಗೆ ಮಾಡಿದ್ರಿ ಅಂತ ಕೇಳ್ದೆ. 'ಸರ್ಕಾರದ ಪೆಟ್ಟಿಗೆ, ಸರ್ಕಾರದ ಕಾನೂನು. ಶುಭಕಾರ್ಯ ನಡೆಯೋ ಮನೇಲಿ ಮುಗಿಯೋ ತನಕ ಆ ಕಾಗದ ತೆಗಿಯಂಗಿಲ್ಲ' ಅಂದ್ರು. ಸಾಯೋ ತನಕ ಅದೊಂದೇ ಮಾತು."

ಅಂಥ ಕಾನೂನು ಎಲ್ಲಿಯೂ ಇಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ಆದರೂ ನೋಡಿ ಹೇಳುತ್ತೇನೆ ಎಂದು ಪೆಟ್ಟಿಗೆಯನ್ನು ಶಿಕಾರಿಪುರಕ್ಕೆ ತಂದೆ. ನಿಜ ಹೇಳಬೇಕೆಂದರೆ, ಆ ಅಮ್ಮನ ದುಃಖಕ್ಕಿಂತ ಪೆಟ್ಟಿಗೆ ಕೈಗೆ ಬಂತಲ್ಲ ಎಂಬ ಖುಷಿಯೇ ಹೆಚ್ಚಿತ್ತು.

ಮೇಜಿನ ಮೇಲೆ ಇಟ್ಟು ಅರ್ಧ ಗಂಟೆ ನೋಡುವಷ್ಟರಲ್ಲಿ ಎಲ್ಲ ತಿಳಿಯಿತು. ಪಕ್ಕದ ಹಲಗೆಗಳು ಹಲಸಿನವು, ಊರ ಬಡಗಿಯ ಕೈಕೆಲಸ. ತಳಕ್ಕೆ ಹಾಕಿದ್ದು ಮಾತ್ರ ಬೇರೆ, ಹಗುರ ಮರ. ಬಣ್ಣ ಕೆರೆದಾಗ ಅದರ ಮೇಲೆ ಇಲಾಖೆಯ ಇಂಗ್ಲಿಷ್ ಅಕ್ಷರಗಳು ಕಂಡವು, ತಲೆಕೆಳಗಾಗಿ, ಕೊನೆಯ ಅಕ್ಷರ ಅರ್ಧಕ್ಕೆ ಗರಗಸದಲ್ಲಿ ಕೊಯ್ದುಹೋಗಿ. ಕಚೇರಿಗೆ ಫಾರಂಗಳು ಬರುತ್ತಿದ್ದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಅದು. ಯಜಮಾನರು ಅದನ್ನೊಡೆದು ತಳಕ್ಕೆ ಹಾಕಿಸಿದ್ದರು. ಪೆಟ್ಟಿಗೆಯೂ ಅವರದೇ, ಕಾನೂನೂ ಅವರದೇ.

ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, "ಆ ಯಮ್ಮಂಗೆ ಸಮಾಧಾನ ಆಗೋಹಂಗ ಏನಾರ ಹೇಳಿ ಬರ್ರಿ. ಸತ್ತೋರ ಮ್ಯಾಲೆ ಸಿಟ್ಟು ಇಟ್ಕೊಂಡು ಇನ್ನೆಷ್ಟು ದಿನ ಬದುಕ್ತಾರೆ" ಎಂದಳು. ತಪ್ಪನ್ನು ಅವಳ ತಲೆಗೆ ಕಟ್ಟುವುದಿಲ್ಲ. ನಾಲಿಗೆ ನನ್ನದು. ಯಾರ ಮುಖವನ್ನೂ ನೋಡದೆ ಪ್ಲೈವುಡ್ಡನ್ನು ಪ್ಲೈವುಡ್ಡು ಎಂದವನು, ಜೀವನದಲ್ಲಿ ಒಮ್ಮೆಯಾದರೂ ಒಳ್ಳೆಯವನಾಗೋಣ ಎಂದುಕೊಂಡೆ.

ಎರಡನೇ ಸಲ ಹೋದಾಗ ಅವರು ಜಗುಲಿಯಲ್ಲೇ ಕಾಯುತ್ತಿದ್ದರು. ಪೆಟ್ಟಿಗೆಯನ್ನು ಮಗುಚಿ ಅಕ್ಷರಗಳನ್ನು ತೋರಿಸಿದೆ. "ನೋಡಿ ಅಮ್ಮ, ಸರ್ಕಾರದ್ದೇ. ನಿಮ್ಮ ಯಜಮಾನರು ಸುಳ್ಳು ಹೇಳಿಲ್ಲ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

ಅವರು ಅಕ್ಷರಗಳ ಮೇಲೆ ಬೆರಳಾಡಿಸಿದರು. ಮುಖ ಹಗುರಾಗುತ್ತದೆ ಎಂದು ಕಾದೆ. ಹಗುರಾಗಲಿಲ್ಲ. ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡು ಗೋಡೆಗೆ ಒರಗಿದರು.

"ಹಂಗಾರೆ ಅವರ ತಪ್ಪಿರ್ಲಿಲ್ಲ" ಎಂದರು. "ಅವತ್ತಿಂದ ನಾನು ಅವ್ರ ಹತ್ರ ಒಂದು ದಿನ ಮನಸ್ಸು ಬಿಚ್ಚಿ ಮಾತಾಡ್ಲಿಲ್ಲ ಮೇಷ್ಟ್ರೇ. ಊಟಕ್ಕೆ ಬನ್ನಿ, ನೀರು ಕಾದಿದೆ, ಅಷ್ಟೇ. ಹಾಸಿಗೆ ಹಿಡ್ದಾಗ ಒಂದ್ಸಲ ಕೈ ಹಿಡ್ಕಂಡ್ರು, ಕೊಸರ್ಕಂಡು ಎದ್ದೆ. ಸುಳ್ಳ ಅಂದ್ಕಂಡಿದ್ದೆ. ನಿಜಾನೇ ಹೇಳಿದ್ರು, ನಾನೇ ಕೇಳ್ಲಿಲ್ಲ."

ಆಗಲೇ ಬಾಯಿಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಸೊಸೆ ಕಪಾಟನ್ನು ಆಟೋಕ್ಕೆ ಹೇರಿಸಿ ಕೊಟ್ಟಳು. ಹಿಂದೆಂದೂ ಒಂದು ಸಾಮಾನನ್ನು ಅಷ್ಟು ಬೇಸರದಿಂದ ಮನೆಗೆ ತಂದಿರಲಿಲ್ಲ. ಇವತ್ತಿಗೂ ಅದರ ನಂಬರು ಹುಡುಕಿಲ್ಲ.

ಹದಿನೈದು ದಿನದ ಮೇಲೆ ಸೊಸೆ ಫೋನ್ ಮಾಡಿದಳು. "ಸಾರ್, ಅತ್ತೆ ಸರಿಯಾಗಿ ಊಟ ಮಾಡ್ತಿಲ್ಲ. ಸೋಮವಾರ ಉಪವಾಸ, ಗುರುವಾರ ಉಪವಾಸ, ಈಗ ಶನಿವಾರನೂ ಹಿಡ್ದಿದಾರೆ. ಮಾವನ ಫೋಟೋದ ಎದ್ರಿಗೇ ಕೂತಿರ್ತಾರೆ. ನೀವು ಎಂತ ಹೇಳಿದ್ರಿ ಅವ್ರಿಗೆ?" ದನಿಯಲ್ಲಿ ಸಿಟ್ಟಿತ್ತು. ಇರಬೇಕಾದ್ದೇ.

ಮರುದಿನ ಸುತ್ತಿಗೆ, ಇಕ್ಕಳ ಚೀಲಕ್ಕೆ ಹಾಕಿಕೊಂಡು ಹೋದೆ. ಎಲ್ಲಿ ಸಾವಿನ ಕಾಗದವೂ ಬರಬಾರದಿತ್ತೋ ಆ ನಡುಮನೆಯಲ್ಲಿ, ಯಜಮಾನರ ಫೋಟೋದ ಕೆಳಗೆ ಪೆಟ್ಟಿಗೆ ಇತ್ತು. ಅದಕ್ಕೂ ಕುಂಕುಮ ಇಟ್ಟಿದ್ದರು. ಅಮ್ಮ ಸೊರಗಿಹೋಗಿದ್ದರು. ನಾನು ನೆಲದ ಮೇಲೆ ಕೂತು, ಅವರ ಅಪ್ಪಣೆ ಕೇಳಿ, ಪೆಟ್ಟಿಗೆಯ ಮೊಳೆ ಒಂದೊಂದಾಗಿ ಕಿತ್ತೆ. ಹಲಗೆಗಳನ್ನು ಸಾಲಾಗಿ ಇಟ್ಟೆ. ಇದು ಹಲಸು, ಇಲಾಖೆ ಇಂಥದ್ದಕ್ಕೆ ಹಲಸು ಹಾಕಿದ್ದನ್ನು ನಾನು ಕಂಡಿಲ್ಲ. ಇದು ಊರ ಬಡಗಿಯ ಉಳಿ ಗುರುತು. ಈ ಅಕ್ಷರ ಅರ್ಧ ಕೊಯ್ದುಹೋಗಿದೆ ನೋಡಿ, ಇದು ಬೇರೆ ಪೆಟ್ಟಿಗೆಯ ಹಲಗೆ. ಮೂವತ್ತು ವರ್ಷ ಪಾಠ ಮಾಡಿದವನು, ಅಷ್ಟು ಶ್ರದ್ಧೆಯಿಂದ ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಕ್ಕಿಲ್ಲ. ಕೊನೆಗೆ ಕೈಮುಗಿದು, "ನಾನು ಸುಳ್ಳು ಹೇಳಿದೆ ಅಮ್ಮ. ಇದನ್ನು ನಿಮ್ಮ ಯಜಮಾನರೇ ಮಾಡಿಸಿದ್ದು. ಅಂಥ ಕಾನೂನೂ ಇರಲಿಲ್ಲ. ನಿಮ್ಮ ಸಿಟ್ಟು ನ್ಯಾಯದ್ದು" ಎಂದೆ.

ಸೊಸೆ ಬಾಗಿಲಲ್ಲಿ ನಿಂತಿದ್ದಳು, ಅವಳ ಕಣ್ಣಲ್ಲಿ ನೀರಿತ್ತು. ಅಮ್ಮ ಸೆರಗಿನಿಂದ ಅಕ್ಷರವಿದ್ದ ಹಲಗೆಯನ್ನು ಒರೆಸಿ, ಫೋಟೋದ ಹತ್ತಿರಕ್ಕೆ ಸರಿಸಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಕೋಪವಿರಲಿಲ್ಲ.

"ನೀವು ಒಳ್ಳೇರು ಮೇಷ್ಟ್ರೇ" ಎಂದರು. "ನನ್ನ ಸಂಕಟ ನೋಡಕ್ಕಾಗ್ದೆ ಬಸ್ಸು ಹತ್ಕಂಡು ಬಂದಿದೀರಿ. ಆದ್ರೆ ನನ್ನ ಸಮಾಧಾನಕ್ಕೆ ಅಂತ ತೀರಿಕಂಡೋರ ಮೇಲೆ ಸುಳ್ಳು ಹೇಳಬ್ಯಾಡಿ."