ಚೀಲದ ತಳ

ಅಣ್ಣಿಗೇರಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದಾಗ ನಾನು ಯಾವ ಚೀಲದ ಮೇಲಿನ ಕಾಯಿಯನ್ನೂ ನಂಬಿದವನಲ್ಲ. ಮೊಣಕೈವರೆಗೆ ಕೈ ತೂರಿಸಿ, ತಳದ ಕಾಯಿ ತೆಗೆದು, ಮುರಿದು ಮೂಸಿದ ಮೇಲೆಯೇ ದರದ ಮಾತು.

ಸಂಸದನಾದ ಮೇಲೆ ಮನೆಯ ಮೇಜಿನ ತುಂಬ ಅರ್ಜಿಗಳ ರಾಶಿ ಬೆಳೆಯಿತು. ಹೋದ ತಿಂಗಳು, ಮೊದಲೆಲ್ಲ ನನ್ನ ಅಂಗಡಿಗೇ ಮಾಲು ತರುತ್ತಿದ್ದ ತಿರ್ಲಾಪುರದ ರೈತನೊಬ್ಬ ಹಳ್ಳಕ್ಕೆ ಸೇತುವೆ ಕೇಳಿ ಅರ್ಜಿ ಕೊಟ್ಟ. “ಮಾಡೂಣು” ಎಂದು, ಓದದೆಯೇ ರಾಶಿಯ ಮೇಲಿಟ್ಟೆ.

ಅವನು ಹೊರಡಲಿಲ್ಲ. “ಸಾವ್ಕಾರ್ರ, ಆವಾಗ ಚೀಲದ ತಳಾ ನೋಡ್ತಿದ್ರಿ. ಈಗ ಮ್ಯಾಲಿಂದೂ ನೋಡ್ಲಿಲ್ಲಲ್ರಿ,” ಎಂದ.

ಸಿಟ್ಟು ನೆತ್ತಿಗೇರಿತು. ನನಗೇ ಕಲಿಸಲು ಬಂದನೇ ಇವನು? ಅವನೆದುರೇ ರಾಶಿಗೆ ಕೈ ತೂರಿಸಿ, ತಳದ ಹಾಳೆ ಎಳೆದು ಜೋರಾಗಿ ಓದತೊಡಗಿದೆ. ಎರಡನೇ ಸಾಲಿನಲ್ಲಿ ಅದೇ ಹಳ್ಳ, ಅದೇ ಸೇತುವೆ. ಕೆಳಗೆ ಅವನದೇ ಸಹಿ, ಹೋದ ವರ್ಷದ್ದು.