ಕೂಸಿನ ವಾರ್ಡಿನ ಬ್ರದರ್

ಬೈಲಹೊಂಗಲದ ಆ ಖಾಸಗಿ ಆಸ್ಪತ್ರೆಗೆ ಶಹಬಾಜ ಬ್ರದರ್, ಅಂದರೆ ಗಂಡು ನರ್ಸ್, ಆಗಿ ಕೆಲಸಕ್ಕೆ ಬಂದ ದಿನ ದೇವಕ್ಕ ಅವನನ್ನು ಕೂಸಿನ ವಾರ್ಡಿನ ಬಾಗಿಲಲ್ಲೇ ತಡೆದಳು. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಹಿರಿಯ ನರ್ಸ್ ಆಕೆ.

"ತಮ್ಮಾ, ಕ್ಯಾಜುವಲ್ಟಿ ಕೆಳಗೈತಿ. ಇಲ್ಲಿ ಬಾಣಂತೇರು ಹಾಲುಣಸ್ತಾರ. ಗಂಡಸರ ಕೆಲಸ ಇಲ್ಲೇನೈತಿ?"

"ನನ್ನ ಇಲ್ಲೇ ಹಾಕ್ಯಾರ್ರೀ ದೇವಕ್ಕಾರ," ಎಂದು ಅವನು ಆದೇಶದ ಹಾಳೆ ಮುಂದೆ ಹಿಡಿದ. ಆಕೆ ಅದನ್ನು ಓದಲಿಲ್ಲ.

ಶಹಬಾಜ ಸವದತ್ತಿಯವನು, ಟೆಂಪೊ ಓಡಿಸುವ ರಹಿಮಾನಸಾಬನ ಮಗ. ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ವಿಶೇಷ ತರಬೇತಿಗೆ ಅರ್ಜಿ ಹಾಕಿದಾಗ ಅವನು ಕೇಳಿದ್ದು ಹೃದಯದ ವಿಭಾಗ. ಅಲ್ಲಿನ ಜಾಗ ತುಂಬಿತ್ತು. ಉಳಿದದ್ದು ಆಗಷ್ಟೇ ಹುಟ್ಟಿ ಜೀವಕ್ಕೆ ಹೋರಾಡುವ ಶಿಶುಗಳ ಘಟಕವೊಂದೇ. "ಹೆಂಗಸರ ಕೆಲಸ ಕಲ್ಯಾಕ ಒಂದ್ ವರ್ಷ ಹೊಕ್ಕಿ ಏನ್?" ಎಂದು ರಹಿಮಾನಸಾಬ ರೇಗಿದ. ಓಣಿಯಲ್ಲಿ ಯಾರಾದರೂ ಕೇಳಿದರೆ ಮಗ ಹಾರ್ಟಿನ ವಿಭಾಗದಲ್ಲಿದ್ದಾನೆಂದೇ ಹೇಳಿದ.

ತರಬೇತಿ ಕೊಡುತ್ತಿದ್ದ ಮಾಲಾ ಸಿಸ್ಟರ್ ಬಾಯಲ್ಲಿ ಒಳ್ಳೆಯ ಮಾತೇ ಬರುತ್ತಿರಲಿಲ್ಲ. ಮೊಣಕೈವರೆಗೆ ತೊಳೆಯದೆ ಒಳಗೆ ಬಂದವರನ್ನು ಎಲ್ಲರೆದುರು ಹೊರಗೆ ದಬ್ಬುತ್ತಿದ್ದಳು. ಅಂಗೈಯಗಲದ ಚೀಲ ಒತ್ತಿ ರಬ್ಬರ್ ಬೊಂಬೆಗೆ ಉಸಿರು ಕೊಡುವುದನ್ನು ಕಲಿಸುವಾಗ ಹಿಂದೆಯೇ ನಿಂತಿರುತ್ತಿದ್ದಳು. "ಇಷ್ಟ್ ಜೋರ ಒತ್ತಿದ್ರ ಎದಿ ಒಡೀತೈತಿ. ಈ ಕೂಸನ್ನ ಕೊಂದಿ ನೀ. ಮತ್ತ ಮಾಡು." ಒಂದೇ ಮಧ್ಯಾಹ್ನ ಅವನು ಹನ್ನೊಂದು ಸಲ ಬೊಂಬೆಯನ್ನು ಕೊಂದ. ಜತೆಗಿದ್ದ ಇಬ್ಬರು ಬಿಟ್ಟುಹೋದರು. ಇವನು ಉಳಿದದ್ದು ಕೂಸುಗಳ ಮೇಲಿನ ಮಮತೆಯಿಂದಲ್ಲ, ಆ ಹೆಂಗಸಿನ ಮೇಲಿನ ಹಟಕ್ಕೆ.

ಆಕೆ ದಿನವೂ ಹೇಳುತ್ತಿದ್ದ ಮಾತೊಂದಿತ್ತು: "ಆಕ್ಸಿಜನ್ ಅಂದ್ರ ಔಷಧ. ದಿನ ತುಂಬದ ಕೂಸಿಗೆ ಅಳತಿ ಮೀರಿ ಕೊಟ್ರ ಕಣ್ಣು ಹೋಗ್ತಾವ. ರಕ್ತದಾಗಿನ ಆಕ್ಸಿಜನ್ ತೋರಸೂ ಮೀಟರಿನ್ಯಾಗ ತೊಂಬತ್ತರಿಂದ ತೊಂಬತ್ತೈದು ಇರಬೇಕು. ನೂರು ಕಂಡ್ರ ಖುಷಿ ಪಡಬ್ಯಾಡ, ಅಂಜು."

ಬೈಲಹೊಂಗಲಕ್ಕೆ ಬಂದ ಎರಡನೇ ತಿಂಗಳು ಚಚಡಿಯ ಸಪ್ನಾಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಕೂಸು, ಒಂದು ಕಿಲೋ ಇನ್ನೂರು ಗ್ರಾಂ. ಶಹಬಾಜ ಆಕ್ಸಿಜನ್ ಹೊಂದಿಸಿದ. ಮೀಟರು ತೊಂಬತ್ತೆರಡಕ್ಕೆ ನಿಂತಿತು. ಊಟ ಮಾಡಿ ಬರುವಷ್ಟರಲ್ಲಿ ಅದು ನೂರು ತೋರಿಸುತ್ತಿತ್ತು. ಹೆಚ್ಚು ಗಾಳಿ ಕೊಟ್ಟಷ್ಟೂ ಕೂಸಿಗೆ ಒಳ್ಳೆಯದೆಂದು ನಂಬಿದ್ದ ದೇವಕ್ಕ ಆಕ್ಸಿಜನ್ನಿನ ನಾಬ್ ತಿರುಗಿಸಿದ್ದಳು. ಅವನು ಇಳಿಸಿದ. ಅವನ ಪಾಳಿ ಮುಗಿದಾಗ ಆಕೆ ಏರಿಸಿದಳು. ಮೂರು ದಿನ ಇದೇ ನಡೆಯಿತು.

ನಾಲ್ಕನೆಯ ದಿನ ದೇವಕ್ಕ ಸಪ್ನಾಳ ತಾಯಿ ಸೋಮವ್ವನನ್ನು ಕರೆದು ಹೇಳಿದಳು, "ನಿಮ್ಮ ಕೂಸಿನ ಗಾಳಿ ಅಂವ ಕಡಿಮಿ ಮಾಡಾಕತ್ತಾನ ನೋಡ್ರಿ. ನಾ ಹೇಳೂದು ಹೇಳೇನಿ."

ಸೋಮವ್ವ ನೇರ ಬಂದು ಶಹಬಾಜನ ಕಾಲರ್ ಹಿಡಿದಳು. "ಉಸಿರು ಕಸಗೊಳ್ಳಾಕ ಹಸಗೂಸ ಸಿಕ್ತೇನೋ ನಿನಗ?" ಅವನು ಬಾಯಿ ತೆರೆಯುವ ಮೊದಲೇ ಸಪ್ನಾಳ ಅಣ್ಣ ಶಂಕರೆಪ್ಪ ಕಪಾಳಕ್ಕೆ ಬಿಟ್ಟ. ಕಿವಿ ಗುಂಯ್ ಎಂದಿತು. ವಾರ್ಡಿನಲ್ಲಿದ್ದವರು ನೋಡುತ್ತ ನಿಂತರು, ದೇವಕ್ಕನೂ.

ಆಸ್ಪತ್ರೆಯ ಯಜಮಾನರಾದ ಡಾಕ್ಟರ್ ಬಸವಲಿಂಗ ಅವನನ್ನು ಕೋಣೆಗೆ ಕರೆಸಿದರು. ಅವನು ಮಾಡಿದ್ದು ಸರಿಯೆಂದು ಅವರಿಗೆ ಗೊತ್ತಿತ್ತು. ದೇವಕ್ಕನನ್ನು ಎದುರು ಹಾಕಿಕೊಳ್ಳುವುದು ಮಾತ್ರ ಬೇಕಿರಲಿಲ್ಲ.

"ಒಂದ್ ಮಾತು ತಪ್ಪಾತು ಅಂದುಬಿಡು. ಗದ್ದಲ ಮುಗೀಲಿ."

"ಅಂತೀನ್ರಿ ಸರ. ಆದ್ರ ಎಷ್ಟ್ ಆಕ್ಸಿಜನ್ ಕೊಡಬೇಕಂತ ನಿಮ್ಮ ಕೈಯಾರ ಬರದು ಸಹಿ ಮಾಡ್ರಿ. ಇಲ್ಲಂದ್ರ ಇವತ್ತ ಹೊಕ್ಕೇನಿ."

ಅವರು ಬರೆದು ಸಹಿ ಮಾಡಿದರು. ಶಹಬಾಜ ಸೋಮವ್ವನ ಎದುರು ತಪ್ಪಾಯಿತೆಂದ. ಆಮೇಲೆ ಎಲ್ಲರೂ ನೋಡುತ್ತಿರುವಾಗಲೇ ಹೋಗಿ ನಾಬ್ ಇಳಿಸಿದ. ಅಂದಿನಿಂದ ದೇವಕ್ಕ ಅದನ್ನು ಮುಟ್ಟಲಿಲ್ಲ. ಅವನ ಜೊತೆ ಮಾತನ್ನೂ ಆಡಲಿಲ್ಲ.

ನಾಲ್ಕು ವಾರವಾದ ಮೇಲೆ ಕೂಸನ್ನು ಬೆಳಗಾವಿಯ ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ಶಹಬಾಜ ಹೇಳಿದ್ದೇ ತಡ, ಸೋಮವ್ವ ಸಿಡಿದಳು. "ಈಗ ಕಣ್ಣಿಗೂ ಕೈ ಹಾಕ್ತಿ ಏನು? ನಾವೆಲ್ಲೂ ಬರೂದಿಲ್ಲ."

ಕೂಸಿನ ಜೊತೆ ವಾರ್ಡಿನಲ್ಲೇ ಉಳಿದಿದ್ದ ಸಪ್ನಾ ಹಾಸಿಗೆಯಿಂದ ಎದ್ದು ಕುಳಿತಳು. "ಹೋಗೂಣು ಯವ್ವಾ. ಇವನ್ನ ಕಂಡ್ರ ನನಗೂ ಸಿಟ್ಟು ಬರತೈತಿ. ಆದ್ರ ಅಣ್ಣನ ಕಡಿಂದ ಏಟು ತಿಂದ ಮ್ಯಾಲೂ ಅಂವ ಹೋಗಿ ಅದನ್ನ ಇಳಿಸಿದ. ಸುಮ್ಮ ಸುಮ್ಮನ ಯಾರ್ ಹಂಗ ಮಾಡ್ತಾರ?"

ಬೆಳಗಾವಿಯಲ್ಲಿ ನೋಡಿದಾಗ ಕೂಸಿನ ಎರಡೂ ಕಣ್ಣಿನ ಹಿಂಬದಿಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯತೊಡಗಿದ್ದವು. ಮರುದಿನವೇ ಲೇಸರ್ ಮಾಡಿದರು. ಇನ್ನೆರಡು ವಾರ ತಡವಾಗಿದ್ದರೆ ಏನೂ ಮಾಡಲು ಬರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿಕಳಿಸಿದರು. ಸೋಮವ್ವ ಊರ ತುಂಬ ಹೇಳಿದ್ದು ಬೇರೆ: ಆ ಬ್ರದರ್ ಗಾಳಿ ಕಡಿಮೆ ಮಾಡಿದ್ದಕ್ಕೇ ಕೂಸಿನ ಕಣ್ಣು ಕೆಟ್ಟವು ಎಂದು.

ಶಹಬಾಜ ಸಿಟ್ಟನ್ನು ಹೊತ್ತುಕೊಂಡು ದೇವಕ್ಕನ ಮೇಜಿನ ಮುಂದೆ ನಿಂತ. "ಮೂರು ದಿನ ಏರಸಿದವರು ನೀವು. ಹೆಸರು ನಂದು."

"ನನ್ನ ಕೈಯಾಗ ಇಂಥಾ ಎಷ್ಟೋ ಕೂಸು ಉಳದಾವು," ಎಂದಳು ದೇವಕ್ಕ.

"ಅದರಾಗ ಎಷ್ಟಕ್ಕ ಕಣ್ಣು ಕಾಣಸ್ತಾವ, ಹೋಗಿ ನೋಡೀರೇನು?"

ಆಕೆ ಕೈಯಲ್ಲಿದ್ದ ರಜಿಸ್ಟರ್ ಮುಚ್ಚಿ ಎದ್ದು ಹೋದಳು. ಕಣ್ಣು ಕೆಟ್ಟದ್ದು ಆ ಮೂರು ದಿನದಿಂದಲೋ, ದಿನ ತುಂಬದೆ ಹುಟ್ಟಿದ್ದರಿಂದಲೋ ಅವನಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆದರೂ ಆಡಿದ್ದಕ್ಕೆ ಅವನು ಪಶ್ಚಾತ್ತಾಪ ಪಡಲಿಲ್ಲ. ವಾರದೊಳಗೆ ದೇವಕ್ಕ ಹೆರಿಗೆ ಕೋಣೆಗೆ ಬದಲಿ ಕೇಳಿಕೊಂಡಳು. ವಾರ್ಡಿನ ಉಳಿದ ನರ್ಸುಗಳು ಆಕೆಯ ಪರವಾಗಿಯೇ ನಿಂತರು. ಚಹಾ ತರಿಸಿದಾಗ ಅವನನ್ನು ಬಿಟ್ಟು ಲೆಕ್ಕ ಹೇಳುತ್ತಿದ್ದರು.

ಆರು ತಿಂಗಳಾದ ಮೇಲೆ ಸೋಮವ್ವ ಮೊಮ್ಮಗಳನ್ನು ಲಸಿಕೆಗೆ ಕರೆತಂದಳು. ವರಾಂಡದಲ್ಲಿ ಶಹಬಾಜ ಹಾದುಹೋಗುವಾಗ ಕೂಸು ಕತ್ತು ಹೊರಳಿಸಿ ಅವನನ್ನೇ ನೋಡಿತು. ಅವನು ತುದಿಯ ಕೋಣೆ ಮುಟ್ಟುವವರೆಗೂ ಆ ಕಣ್ಣುಗಳು ಅವನ ಹಿಂದೆಯೇ ಬಂದವು.

"ಅವನ್ನೇನ್ ನೋಡ್ತಿ?" ಎಂದು ಸೋಮವ್ವ ಗದರಿ ಕೂಸಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.