ಅಸ್ತರಿನ ಡಾಕ್ಟರಮ್ಮ

ಜವಳಿ ವ್ಯಾಪಾರಿ ಹಲ್ಲಿನ ಡಾಕ್ಟರಮ್ಮನನ್ನು ಮೊದಲ ನೋಟಕ್ಕೇ ತೂಗಿದ: ಗಟ್ಟಿ ನೂಲು, ಮಾಸದ ಬಣ್ಣ, ಆದರೆ ಚೌಕಾಸಿಗೆ ಜಗ್ಗದ ನೇಯ್ಗೆ. ಉಳಿದ ಹಲ್ಲಿನ ಡಾಕ್ಟರುಗಳು ಹುಳುಕು ಕೊರೆದು, ಸಿಮೆಂಟು ಮೆತ್ತಿ, ಕೈ ತೊಳೆದುಕೊಳ್ಳುವ ಹೊತ್ತಿಗೆ ಈಕೆ ಇನ್ನೂ ಗುಂಡಿಯ ತಳಕ್ಕೆ ಔಷಧದ ತೆಳುಪದರ ಹಾಸುತ್ತಿರುತ್ತಾರೆ. ಅದರ ಮೇಲೆ ಅಂಟು ಸವರಿ, ಗಾಳಿ ಊದಿ, ನೀಲಿ ದೀಪ ಹಿಡಿದು, ಮತ್ತೆ ಇಣುಕುತ್ತಾರೆ. ಹಲ್ಲಿನೊಳಗಿನ ನರಕ್ಕೆ ಆಕೆ ಇಟ್ಟ ಹೆಸರು ಕೂಸು. "ಶ್! ಕೂಸು ಮಲಗಿದೆ. ಹಾಸಿಗೆ ಹಾಸದೆ ಮೈಮೇಲೆ ಕಲ್ಲು ಹೇರೋಕಾಗುತ್ತಾ?" ಎಂದು ಮೀಸೆ ನರೆತವರನ್ನೂ ಗದರುತ್ತಾರೆ. ಬಾಯಿಗೆ ಹತ್ತಿ ತುರುಕಿದ ಮೇಲೆಯೇ ಕುಶಲ ವಿಚಾರಿಸುವುದು ಆಕೆಯ ಚಾಳಿ, ಉತ್ತರ ಬಾರದಿದ್ದರೆ "ಸರಿ, ಒಪ್ಪಿದ್ರಿ ಅಂತಾಯ್ತು." ವ್ಯಾಪಾರಿಯ ದವಡೆಹಲ್ಲನ್ನು ಬೇರೆಯವರೆಲ್ಲ ಕೀಳಿಸಿಬಿಡಿ ಎಂದಿದ್ದರು, ಗುಂಡಿ ಕೂಸಿನ ತಲೆದಿಂಬಿನವರೆಗೆ ಇಳಿದಿತ್ತು. ಆದರೂ ಆತನಿಗೆ ಅವಸರ. "ಕಣ್ಣಿಗೆ ಕಾಣದ ಕೆಲಸಕ್ಕೆ ಇಷ್ಟು ಹೊತ್ತು ಯಾಕೆ ತಾಯಿ?" ಡಾಕ್ಟರಮ್ಮ ಅವನ ಬಾಯಿಗೆ ಹತ್ತಿ ಇಟ್ಟು ಕೇಳಿದರು, "ಯಜಮಾನ್ರೇ, ನೀವು ಒಳಬಟ್ಟೆಯ ಅಸ್ತರಿಲ್ಲದ ಕೋಟು ಮಾರ್ತೀರಾ?" ಮಾರುತ್ತಿದ್ದ, ಹತ್ತಿ ಮಾನ ಕಾಯಿತು. ಎಲ್ಲ ಮುಗಿದು ಏಳುವಾಗ ಆತ ಕಂಡ, ಡಾಕ್ಟರಮ್ಮ ತಲೆಯನ್ನು ಎಡಕ್ಕೆ ವಾಲಿಸಿ ನೀರು ಕುಡಿಯುತ್ತಿದ್ದರು. "ಬಲಗಡೆ ಜುಂ ಅನ್ನುತ್ತೆ. ಚಿಕ್ಕವಳಿದ್ದಾಗ ಯಾರೋ ಅವಸರಕ್ಕೆ ಬರೀ ಸಿಮೆಂಟು ತುಂಬಿದ್ರು. ಬಿಚ್ಚಿಸಿ ಸರಿ ಮಾಡಿಸಬೇಕು ಅಂದ್ರೆ ಆ ಕುರ್ಚಿ ಹತ್ತಬೇಕಲ್ಲ, ನಂಗೆ ಭಯ." ವ್ಯಾಪಾರಿಯ ಹಲ್ಲು ಇಂದಿಗೂ ಬಾಯಲ್ಲೇ ಇದೆ, ತಣ್ಣೀರನ್ನು ಎರಡೂ ಕಡೆಯಿಂದ ಕುಡಿಯುತ್ತಾನೆ. ಡಾಕ್ಟರಮ್ಮ ತಮಗೇ ಇಲ್ಲದ ಸುಖವನ್ನು ಅವನಿಗೆ ಕೊಟ್ಟರು.